ಬೆಳೆಯುವ ಕಡತಕ್ಕೆ ಬಿಡಬೇಕಾದ ಎಡೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರರ ಮಕ್ಕಳಿಗೆ ಖಾತೆಪುಸ್ತಕವು ಹೊಸದಲ್ಲ. ನೂಲು ಕೊಟ್ಟು ಸೀರೆ ನೇಯಿಸುವ ಯಜಮಾನರು ಒಬ್ಬ ನೇಕಾರನಿಗೆ 12ನೆಯ ಪುಟವನ್ನು ಮೀಸಲಿಟ್ಟರೆನ್ನೋಣ. ಅದು ತುಂಬಿತು, ಪಕ್ಕದ ಪುಟ ಇನ್ನೊಬ್ಬನದು. ಆಗ ‘ಮುಂದಿನ ಲೆಕ್ಕ 87ನೆಯ ಪುಟದಲ್ಲಿ’ ಎಂದು ಬರೆಯುವರು. ಅದೂ ತುಂಬಿದರೆ 140ನೆಯದು. ಲೆಕ್ಕ ತಪ್ಪಿಲ್ಲ, ಪುಟ ಮಗುಚುವುದರಲ್ಲಿಯೇ ಹೊತ್ತು ಕಳೆಯುತ್ತದೆ.

ಗಣಕಯಂತ್ರದ ಡಿಸ್ಕಿನಲ್ಲಿ ನಡೆಯುವುದೂ ಇದೇ. 1956ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕಿನಲ್ಲಿ 50 ತಟ್ಟೆಗಳು ತಿರುಗುತ್ತಿದ್ದವು. ಓದುವ ತೋಳು ಅವುಗಳ ನಡುವೆ ಚಲಿಸುತ್ತಿತ್ತು. ಇಂದಿನ ತಿರುಗುವ ಡಿಸ್ಕುಗಳ ಮೂಲತತ್ತ್ವವೂ ಅದೇ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ, ಬೇಕಾದ ಭಾಗವು ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದು ಸೆಕೆಂಡಿನ ಸುಮಾರು 240ನೆಯ ಒಂದು ಭಾಗ. ಕಡತವು 1000 ತುಂಡಾಗಿ ಚದುರಿದ್ದರೆ ಕಾಯುವುದಕ್ಕೇ 4 ಸೆಕೆಂಡು ಹಿಡಿಯುತ್ತದೆ. ತೋಳು ಓಡಾಡುವ ಹೊತ್ತು ಬೇರೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ.

ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರಲ್ಲಿ ಕೂಲಿ, ನೂಲು, ಸರಕು ಇವುಗಳ ದಾಖಲೆ ಡೇಟಾಬೇಸಿನಲ್ಲಿ ದಿನದಿನವೂ ಬೆಳೆಯುತ್ತದೆಂದು ಭಾವಿಸೋಣ. ಕಡತವು ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಜಾಗ ಕೇಳಿದರೆ, ಸಿಕ್ಕ ಸಿಕ್ಕ ಸಂದಿಗಳಲ್ಲಿ ಹರಿದು ಹಂಚಿಹೋಗುವುದು. ಕೆಲಸ ನಿಧಾನವಾದಾಗ ಯಂತ್ರವೇ ಹಳೆಯದಾಯಿತೆಂದು ಹೊಸದನ್ನು ಕೊಳ್ಳುವವರುಂಟು. ಅದಕ್ಕೆ ಮೊದಲು ಕಾರಣವನ್ನರಿಯುವುದು ಒಳ್ಳೆಯದು.

ಉಪಾಯಗಳು ಹೀಗಿವೆ. ಮುಂದಿನ ವರುಷಕ್ಕೆ ಬೇಕಾಗುವಷ್ಟು ಜಾಗವನ್ನು ಒಮ್ಮೆಗೇ ಕಾದಿರಿಸಬೇಕು. ಮತ್ತೆ ಬೆಳೆಯಬೇಕಾದರೆ ದೊಡ್ಡ ದೊಡ್ಡ ಹೆಜ್ಜೆಗಳಲ್ಲಿ ಬೆಳೆಯುವಂತೆ ಗೊತ್ತುಪಡಿಸಬೇಕು. ಡಿಸ್ಕನ್ನು ಅಂಚಿನವರೆಗೆ ತುಂಬಬಾರದು. ಜಾಗ ಉಳಿಸುವ ಆಸೆಯಿಂದ ಕಡತವನ್ನು ಪದೇ ಪದೇ ಕುಗ್ಗಿಸಬಾರದು. ನಾಳೆ ಅದು ಮತ್ತೆ ಬೆಳೆದು ಮತ್ತೆ ಚದುರುವುದು.

ಈಗಾಗಲೇ ಚದುರಿದ್ದರೆ, ಕೆಲಸವಿಲ್ಲದ ವೇಳೆಯಲ್ಲಿ ಡೇಟಾಬೇಸನ್ನು ನಿಲ್ಲಿಸಿ ತುಂಡುಗಳನ್ನು ಒಂದೆಡೆ ಕೂಡಿಸಬಹುದು. ಆದರೆ ಮೊದಲು ಪೂರ್ಣ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಡಲೇಬೇಕು. ನಡುವೆ ವಿದ್ಯುತ್ತು ನಿಂತು ಕಡತ ಕೆಟ್ಟರೆ, ಕಳೆದುಹೋಗುವುದು ಬಡ ಕೆಲಸಗಾರನ ಕೂಲಿಯ ಲೆಕ್ಕ.

ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಎಂಬ ಹೊಸ ಬಗೆಯ ಡಿಸ್ಕಿಗೆ ಈ ಕೂಡಿಸುವ ಚಿಕಿತ್ಸೆ ಸಾಮಾನ್ಯವಾಗಿ ಬೇಡ. ಅಲ್ಲಿ ಚಲಿಸುವ ತೋಳಿಲ್ಲ. ಮೇಲಾಗಿ ಅನಾವಶ್ಯಕವಾಗಿ ಬರೆದಷ್ಟೂ ಅದು ಸವೆಯುತ್ತದೆ. ಆದುದರಿಂದ ನಮ್ಮ ಡಿಸ್ಕು ಯಾವ ಬಗೆಯದೆಂಬುದನ್ನು ಮೊದಲು ವಿಚಾರಿಸಬೇಕು.

ಹೊಸ ಖಾತೆಪುಸ್ತಕ ತೆರೆಯುವಾಗ ಪ್ರತಿ ಹೆಸರಿನ ಮುಂದೆ ನಾಲ್ಕು ಖಾಲಿ ಪುಟ ಬಿಡುತ್ತಿದ್ದ ನಮ್ಮ ಹಿರಿಯರು ಗಣಕಯಂತ್ರವನ್ನು ಕಂಡವರಲ್ಲ. ಈ ಪಾಠವನ್ನು ಮಾತ್ರ ಅವರು ಚೆನ್ನಾಗಿ ಬಲ್ಲವರಾಗಿದ್ದರು.