ಯಂತ್ರಕ್ಕೆ ಮುಂಗಡ ಕೊಡುವ ಮುನ್ನ: ಏಳು ಸೂತ್ರಗಳು

ಹಾನಗಲ್ಲಿನ ಅಕ್ಕಿ ಗಿರಣಿ, ಹಿರೇಕೆರೂರಿನ ಗೋವಿನಜೋಳದ ಘಟಕ, ಸವಣೂರಿನ ಖಾರದ ಅಂಗಡಿ, ಹೆದ್ದಾರಿ ಬದಿಯ ಶಿಗ್ಗಾವಿಯ ಕಾರ್ಖಾನೆ: ಸ್ವಯಂಚಾಲಿತ ಯಂತ್ರದ ಮಾತು ಈಗ ಎಲ್ಲೆಡೆ ಇದೆ. ಯಂತ್ರ ದುಡ್ಡಿಗೆ ಸಿಗುತ್ತದೆ. ಅದನ್ನು ದುಡಿಸಿಕೊಳ್ಳುವ ತಯಾರಿ ಮಾತ್ರ ನಾವೇ ಮಾಡಿಕೊಳ್ಳಬೇಕು.

1. ಮೊದಲು ಲೆಕ್ಕ ಬರೆಯಿರಿ. ಕ್ವಿಂಟಲ್ ಭತ್ತಕ್ಕೆ ಅಕ್ಕಿ ಎಷ್ಟು, ನುಚ್ಚು ಎಷ್ಟು, ತೌಡು ಎಷ್ಟು, ಕರೆಂಟು ಎಷ್ಟು? ಒಂದು ಹಂಗಾಮು ಪೂರ್ತಿ ಬರೆದರೆ ಸೋರಿಕೆ ಎಲ್ಲಿದೆಯೆಂದು ತಾನಾಗಿ ಕಾಣುತ್ತದೆ.

2. ಹೆಚ್ಚು ನಷ್ಟವಿರುವ ಒಂದೇ ಕಡೆ ಶುರು ಮಾಡಿ. ಗೋವಿನಜೋಳಕ್ಕೆ ತೇವಾಂಶವೇ ಶತ್ರು. ಶೇ 14 ದಾಟಿದ ಕಾಳು ದಾಸ್ತಾನಿನಲ್ಲಿ ಬೂಸ್ಟು ಹಿಡಿಯುತ್ತದೆ. ಅಲ್ಲಿ ಮೊದಲು ಬೇಕಾದದ್ದು ಡ್ರೈಯರ್‌ಗೆ ತೇವಾಂಶದ ಸೆನ್ಸರ್.

3. ಯಂತ್ರ ಓಡುವಾಗ ಪಕ್ಕದಲ್ಲಿ ನಿಂತು ನೋಡಿ. ಕಲರ್ ಸಾರ್ಟರ್‌ನಲ್ಲಿ ಅಕ್ಕಿ ಜಾರಿ ಬೀಳುತ್ತದೆ, ಕ್ಯಾಮೆರಾ ಕಪ್ಪು ಕಾಳನ್ನು ಹಿಡಿಯುತ್ತದೆ, ಗಾಳಿಯ ಒಂದು ಚಿಮ್ಮು ಅದನ್ನು ಹೊರಗೆ ತಳ್ಳುತ್ತದೆ. ಕಂಪ್ರೆಸರ್‌ನ ಗಾಳಿ ಒಣಗಿರದಿದ್ದರೆ, ಗಾಜಿನ ಮೇಲೆ ದೂಳು ಕೂತರೆ, ಆಯ್ಕೆಯೇ ಕೆಡುತ್ತದೆ. ಹಾಗಾಗಿ ಕಂಪ್ರೆಸರ್, ಏರ್ ಡ್ರೈಯರ್ ಖರ್ಚನ್ನೂ ಬೆಲೆಗೆ ಸೇರಿಸಿ.

4. ಕರೆಂಟು ಸರಿಪಡಿಸಿ. ವೋಲ್ಟೇಜ್ ಏರಿಳಿದರೆ ಹಳೆಯ ಮೋಟಾರು ತಡೆದೀತು, ಕಂಟ್ರೋಲ್ ಬೋರ್ಡ್ ತಡೆಯದು. ಅರ್ಥಿಂಗ್ ಪರೀಕ್ಷಿಸಿ, ಸ್ಟೆಬಿಲೈಜರ್ ಹಾಕಿ, ಪ್ಯಾನೆಲ್ಲಿಗೆ ತೌಡಿನ ದೂಳು ಹೋಗದಂತೆ ಮುಚ್ಚಿ.

5. ಇದ್ದವರನ್ನೇ ಬೆಳೆಸಿ. ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನುವ ಹಳೆಯ ಕೆಲಸಗಾರನಿಗೆ ಟಚ್ ಸ್ಕ್ರೀನ್ ಕಲಿಸಿ. ಕೆಲಸ ಹೋಗುವುದಿಲ್ಲವೆಂದು ಮೊದಲೇ ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಜೊತೆಗೆ ಐಟಿಐ ಹುಡುಗ ಹುಡುಗಿಯರನ್ನು ಕರೆತನ್ನಿ. ರಾಜ್ಯದ 150 ಸರ್ಕಾರಿ ಐಟಿಐಗಳು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿ 2022ರ ಜೂನ್ 20ರಂದು ಲೋಕಾರ್ಪಣೆಯಾಗಿವೆ.

6. ಸಹಾಯಧನ ವಿಚಾರಿಸಿ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆಂದು 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ರಾಜ್ಯ ಶೇ 15 ಸೇರಿಸಿ, 15 ಲಕ್ಷ ರೂಪಾಯಿ ಮಿತಿಯಲ್ಲಿ ಶೇ 50 ಸಹಾಯಧನ ಕೊಟ್ಟಿದೆ. ಸದ್ಯದ ನಿಯಮವನ್ನು ಕೃಷಿ ಇಲಾಖೆಯಲ್ಲಿ ಕೇಳಿ ತಿಳಿಯಿರಿ.

7. ಸರ್ವಿಸ್ ಕರಾರು ಬರಹದಲ್ಲಿರಲಿ. ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಎಷ್ಟು ತಾಸಿನಲ್ಲಿ ಬರುತ್ತಾನೆ, ಬಿಡಿಭಾಗ ಎಲ್ಲಿ ಸಿಗುತ್ತದೆ? ಸುಗ್ಗಿಯಲ್ಲಿ ಒಂದು ದಿನ ನಿಂತರೂ ರೈತರ ಟ್ರ್ಯಾಕ್ಟರುಗಳು ಬೇರೆ ಗಿರಣಿಯತ್ತ ತಿರುಗುತ್ತವೆ.

ಸಜ್ಜಾದ ಗಿರಣಿಗೆ ಯಂತ್ರ ಲಾಭ ತರುತ್ತದೆ, ಸಜ್ಜಾಗದ ಗಿರಣಿಗೆ ಸಾಲದ ಕಂತು ತರುತ್ತದೆ. ಈ ಏಳೂ ಕೆಲಸ ಮುಗಿಸಿ, ಆಮೇಲೆ ಧೈರ್ಯವಾಗಿ ಮುಂಗಡ ಕೊಡಿ.