ಬೀಗ ಹಾಕುವ ಮುನ್ನ

ಮುಂಡರಗಿ



ಶಿರಹಟ್ಟಿಯ ಮನೆಗೆ ಬೀಗ ಹಾಕಿ, ಕೀಲಿಯನ್ನು ಬಾಜೂ ಮನೆಯವರಿಗೆ ಕೊಟ್ಟು, ಗದುಗಿನಲ್ಲಿ ನಿಶ್ಚಿಂತನಾಗಿರುವೆನೆಂದೂ, ಮುಂದೆ ಅನುಕೂಲವಾದಾಗ ಆ ಮಣ್ಣಿನ ಗೋಡೆಗಳ ಮೇಲೆಯೇ ಕಾಂಕ್ರೀಟಿನ ಸ್ಲ್ಯಾಬು ಹಾಕಿಸಿದರಾಯಿತೆಂದೂ ನೀನು ಬರೆದುದನ್ನು ಓದಿ ನನಗೆ ಮೊದಲು ಚಿಂತೆಯಾಯಿತು, ಅನಂತರ ಸಿಟ್ಟೂ ಬಂದಿತು. ಮನೆ ನಿನ್ನದು, ನಿರ್ಧಾರವೂ ನಿನ್ನದೇ. ಆದರೆ ಆ ಮಾಳಿಗೆಯ ಕೆಳಗೆ ಬೆಳೆದವನಾದುದರಿಂದ ನಾಲ್ಕು ಮಾತು ಹೇಳುವ ಅಧಿಕಾರ ನನಗುಂಟು.

ನಮ್ಮ ತಂದೆಯವರು ಮೇ ತಿಂಗಳ ಕೊನೆಗೆ ರೋಹಿಣಿ ಮಳೆ ಕೂಡುವುದಕ್ಕೆ ಮೊದಲೇ ಮಾಳಿಗೆಯ ಮೇಲೆ ಹಾಕಲು ಚಕ್ಕಡಿಯಲ್ಲಿ ಕರಲು ಮಣ್ಣು ತರಿಸುತ್ತಿದ್ದರು. ಕ್ಷಾರಯುಕ್ತವಾದ ಆ ಮಣ್ಣು ನೆನೆದೊಡನೆ ಹರಡಿ ಸಂದುಗಳನ್ನೆಲ್ಲ ಮುಚ್ಚುವುದರಿಂದ ನೀರು ಕೆಳಗಿಳಿಯದೆ ಮಾಳಿಗೆಯಂಚಿನ ದೋಣಿಯ ಕಡೆಗೆ ಹರಿಯುತ್ತದೆ. ಆದರೆ ಹೊಸ ಮಣ್ಣು ಹಾಕುವ ಮುನ್ನ ಹಳೆಯ ಪದರವನ್ನು ಸಲಿಕೆಯಿಂದ ಕೆರೆಸಿ ತೆಗೆಸದೆ ಅವರು ಬಿಡುತ್ತಿರಲಿಲ್ಲ. ವರ್ಷವರ್ಷವೂ ಮಣ್ಣಿನ ಮೇಲೆ ಮಣ್ಣು ಪೇರಿಸುತ್ತ ಹೋದರೆ ಭಾರಕ್ಕೆ ಜಂತಿ ಬಾಗುವುದೆಂಬುದನ್ನು ಅವರು ಬಲ್ಲರು. ಆಮೇಲೆ ಪಡಸಾಲೆಗಿಳಿದು, ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಒಂದೊಂದು ಜಾಗವನ್ನೂ ಕುಡುಗೋಲಿನ ಹಿಡಿಯಿಂದ ತಟ್ಟಿ ಕಿವಿಗೊಟ್ಟು ಕೇಳುವರು. ಗಟ್ಟಿ ಕಟ್ಟಿಗೆಯ ಸಪ್ಪಳ ಬೇರೆ, ಒರಲೆ ತಿಂದು ಟೊಳ್ಳಾದುದರ ಸಪ್ಪಳ ಬೇರೆ.

ಮಾಳಿಗೆಗಷ್ಟೇ ಅಲ್ಲ, ಮನೆಯ ಸುತ್ತಲಿಗೂ ಅವರ ಕಟ್ಟಳೆಗಳಿದ್ದವು: ಬೇಸಿಗೆಯಲ್ಲಿ ಬಣವಿಯು ಒಲೆಯ ಕಿಡಿ ಹಾರದಷ್ಟು ದೂರದಲ್ಲಿರಬೇಕು. ಕಾಳು ತುಂಬಿಟ್ಟ ನೆಲದೊಳಗಿನ ಹಗೇವು ತೆರೆದರೆ ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಹಗ್ಗ ಕಟ್ಟಿದ ಕಂದೀಲನ್ನು ಮೊದಲು ಇಳಿಬಿಡಬೇಕು; ದೀಪ ಆರಿತೋ, ಆ ದಿನ ಯಾರೂ ಒಳಗಿಳಿಯಕೂಡದು. ಕಾಳಿನಿಂದ ಹುಟ್ಟಿದ ವಿಷವಾಯುವಿಗೆ ಬಲಿಯಾದವರನ್ನು ಕಂಡ ಸೀಮೆ ನಮ್ಮದು.

ಒಂದು ಶ್ರಾವಣದಲ್ಲಿ ಜಿಟಿಜಿಟಿ ಮಳೆ ಹಗಲಿರುಳೆನ್ನದೆ ಹಿಡಿಯಿತು. ಕೊನೆಗೊಮ್ಮೆ ನಿಂತು ಬಿಸಿಲು ಬಿದ್ದು, ಗಂಡಾಂತರ ಕಳೆಯಿತೆಂದು ಎಲ್ಲರೂ ಭಾವಿಸಿದ ಹೊತ್ತಿನಲ್ಲಿಯೇ ಹಿತ್ತಲ ಗೋಡೆ ಕುಸಿದು ಕೋಣೆಯೊಳಗೆ ಬಿದ್ದಿತು. ಹಿಂದಿನ ಸಂಜೆಯೇ ಆ ಗೋಡೆಯ ಬುಡ ಉಬ್ಬಿದ್ದನ್ನು ಕಂಡು ಅಜ್ಜಿ ನಮ್ಮ ಹಾಸಿಗೆಗಳನ್ನು ನಡುಮನೆಗೆ ಎಳೆಸಿದ್ದಳು. ಅವಳು ಓದಿದವಳಲ್ಲ; ನಿತ್ಯ ಗೋಡೆ ಸಾರಿಸುತ್ತಿದ್ದ ಕೈಗೆ ಗೋಡೆಯ ಲಕ್ಷಣ ತಿಳಿಯುತ್ತಿತ್ತು.

ಸ್ಲ್ಯಾಬು ಬೇಡವೆಂದು ನಾನು ಹೇಳೆನು. ಕಟ್ಟುವುದಾದರೆ ಬುನಾದಿಯಿಂದ ಕಟ್ಟು; ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದಾದ್ದರಿಂದ ಅದನ್ನು ದಾಟಿ ಗರಸು ಸಿಗುವವರೆಗೆ ಅಗೆಸಿ, ಕಂಬಗಳನ್ನು ನಿಲ್ಲಿಸು. ಅದಕ್ಕೆ ಹಣವಿಲ್ಲದೆ, ಹಳೆಯ ಮಣ್ಣುಗೋಡೆಯ ತಲೆಯ ಮೇಲೆ ಕಾಂಕ್ರೀಟು ಹೊರಿಸುವುದು ಶುದ್ಧ ಅವಿವೇಕ. ಇನ್ನು ಬೀಗದ ಮಾತು: ಲಕ್ಷ್ಮೇಶ್ವರದ ಸೋಮೇಶ್ವರನ ಗುಡಿ ಶತಮಾನಗಳ ಮಳೆಗೆ ಎದೆಯೊಡ್ಡಿದ್ದು ಕಲ್ಲಿನ ಬಲದಿಂದ, ಮಣ್ಣಿನ ಮನೆಗೆ ಮನುಷ್ಯನ ಕೈ ತಪ್ಪಿದರೆ ಆಯುಷ್ಯವಿಲ್ಲ. ದೋಣಿಯಲ್ಲಿ ಕಸ ಕಟ್ಟಿದರೆ ಬೀಗವೇನು ತೆಗೆಯುವುದೇ? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರುಗಳಿಗೆ ನುಗ್ಗಿದಾಗ ಅಲ್ಲಿಯವರಿಗೆ ಮನೆ ಉಳಿಸಿಕೊಳ್ಳುವ ಉಪಾಯವಿರಲಿಲ್ಲ. ನಿನಗೆ ಉಪಾಯವುಂಟು, ಗದುಗಿನಿಂದ ಬಸ್ಸೂ ಉಂಟು. ಇಲ್ಲದಿರುವುದು ಮನಸ್ಸು ಮಾತ್ರ.

ಬಿರುಸಾಗಿ ಬರೆದೆನೆಂದು ಬೇಸರಿಸಬೇಡ. ನೌಕರಿ, ಬಾಡಿಗೆ, ಮಕ್ಕಳ ಶಾಲೆಗಳ ನಡುವೆ ನಿನಗೆ ಪುರಸತ್ತಿಲ್ಲವೆಂಬುದನ್ನು ನಾನು ಅರಿಯದವನಲ್ಲ. ಬೀಗದ ಬದಲು ಒಂದು ಬಡ ಸಂಸಾರವನ್ನು ಕಡಿಮೆ ಬಾಡಿಗೆಗೆ ಇರಿಸು. ಒಲೆ ಹೊತ್ತಿಸಿ, ಕಸ ಗುಡಿಸಿದರೆ ಅರ್ಧ ಕಾವಲು ಆದಂತೆಯೇ. ತೇವ ಹಿಡಿದ ಗೋಡೆಯ ಮೇಲಿನ ವಿದ್ಯುತ್ ತಂತಿಯನ್ನು ಮಾತ್ರ ಅದಕ್ಕೂ ಮೊದಲೇ ಬದಲಿಸತಕ್ಕದ್ದು. ಈ ವರ್ಷದ ಕರಲು ಮಣ್ಣಿನ ಖರ್ಚು ನನ್ನ ಕಡೆಗಿರಲಿ. ರೋಹಿಣಿಗೆ ಮುಂಚಿನ ಯಾವ ಭಾನುವಾರ ಬರುವೆಯೆಂಬುದನ್ನು ತಿಳಿಸು, ಆಳುಗಳಿಗೆ ಹೇಳಿಡಬೇಕು.

ಇಂತು,
ನಿನ್ನ ದೊಡ್ಡಪ್ಪ