ಕನ್ನಡ ಜಾಲತಾಣ ವಿನ್ಯಾಸ: ಲಿಪಿಯ ನೆಲೆಯಿಂದ

ಜಾಲತಾಣ ವಿನ್ಯಾಸವೆಂದರೆ ಬಣ್ಣ, ಚಿತ್ರಗಳ ಜೋಡಣೆಯೆಂಬ ಗ್ರಹಿಕೆ ರೂಢವಾಗಿದೆ. ಕನ್ನಡದ ಮಟ್ಟಿಗೆ ಅದು ಮೊದಲು ಲಿಪಿಯ ಪ್ರಶ್ನೆ. 'ದೊಡ್ಡಬಳ್ಳಾಪುರ' ಎಂಬ ಹೆಸರಿನ ಎರಡು ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ರೋಮನ್ ಲಿಪಿಗೆ ಹೊಂದಿಸಿದ ಸಾಲಂತರವನ್ನೇ ಉಳಿಸಿಕೊಂಡರೆ ಅವು ಮುಂದಿನ ಸಾಲಿನ ತಲಕಟ್ಟಿಗೆ ತಾಗುತ್ತವೆ. ('ನೆಲಮಂಗಲ'ಕ್ಕೆ ಈ ತೊಡಕಿಲ್ಲ.)

ಇದಕ್ಕಿಂತ ಗಂಭೀರವಾದುದು ಸಂಕೇತೀಕರಣ. 1996ರ 'ವಿಶ್ವಕನ್ನಡ'ದಿಂದ ಮೊದಲ್ಗೊಂಡು ಯೂನಿಕೋಡ್ ಬಳಕೆಗೆ ಬರುವವರೆಗಿನ ಕನ್ನಡ ತಾಣಗಳಲ್ಲಿ ಅಕ್ಷರಭಾಗಗಳು ರೋಮನ್ ಸಂಕೇತಗಳ ಸ್ಥಾನದಲ್ಲಿದ್ದವು. ಫಾಂಟ್ ಒದಗದಿದ್ದರೆ ಪುಟವೆಲ್ಲ ಅರ್ಥಹೀನ ಚಿಹ್ನೆಗಳಾಗುತ್ತಿತ್ತು. ಯೂನಿಕೋಡಿನಲ್ಲಿ 'ಡ್ಡ' ಎಂಬುದು ಡಕಾರ, ವಿರಾಮ, ಡಕಾರ ಎಂಬ ಕ್ರಮದಲ್ಲಿ ದಾಖಲಾಗುವುದರಿಂದ ಹುಡುಕಾಟ ಸಾಧ್ಯ. ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟದಲ್ಲಿರುವ (1905) ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಪಾಠಗಳನ್ನು ಹಳೆಯ ಫಾಂಟಿನಲ್ಲಿಯೇ ಜಾಲಕ್ಕೇರಿಸಿದರೆ, ಪುಟ ಎಷ್ಟೇ ಸುಂದರವಾಗಿದ್ದರೂ ಹುಡುಕುವ ಸಂಶೋಧಕನಿಗೆ ಪಾಠ ದೊರೆಯದು. ಸಂಪುಟದ ಶಾಸನಸಂಖ್ಯೆಯನ್ನೂ ಪುಟದ ವಿಳಾಸದಲ್ಲಿ ಉಳಿಸುವುದು ಅವಶ್ಯ. ಉಲ್ಲೇಖಕ್ಕೆ ಅದೇ ಆಧಾರ.